ತಾಯಿಯ ಫೈಲು, ಮಗುವಿನ ಫೈಲು

"ಮೊದಲ್ನೇದು ನಾರ್ಮಲ್ ಆಗಿದೆಯಲ್ಲ, ಎರಡನೇದು ಇನ್ನೂ ಸಲೀಸು. ಸುಮ್ನೆ ಹೆದರ್ಕೋಬೇಡಿ," ಎಂದು ಕಿರಿಯ ಡಾಕ್ಟರ್ ತಲೆ ಎತ್ತದೆ ಚೀಟಿ ಬರೆದ.

ಆ ನಾರ್ಮಲ್ಲು ಅವನ ಮೇಜಿನ ಪಕ್ಕದಲ್ಲೇ ನಿಂತು ಎಡಗೈಯಿಂದ ಪೇಪರ್‌ವೇಟ್ ತಿರುಗಿಸುತ್ತಿತ್ತು. ನಾಲ್ಕು ವರ್ಷದ ಹುಡುಗಿ. ಬಲಗೈ ಭುಜದಿಂದ ಹಾಗೇ ಜೋತುಬಿದ್ದಿತ್ತು, ಅಂಗೈ ಹಿಂದಕ್ಕೆ ತಿರುಗಿತ್ತು. ಹುಟ್ಟಿದಾಗ ನಾಲ್ಕೂವರೆ ಕಿಲೋ ತೂಗಿದ್ದಳೆಂದು ವಾರ್ಡಿನ ನರ್ಸುಗಳು ಗುಂಡಮ್ಮ ಎಂದು ಕರೆದಿದ್ದರು. ಈಗ ಹಂಚಿಕಡ್ಡಿಯಂತಾಗಿದ್ದರೂ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ.

ಅವಳ ತಾಯಿ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವವಳು. ಅಲ್ಲಿ ಎಲ್ಲರ ಬಾಯಲ್ಲೂ ಬೈಂಡರಮ್ಮ. ಎಂಟನೇ ತಿಂಗಳ ಹೊಟ್ಟೆ ಹೊತ್ತು ಮೂರು ಗಂಟೆ ಸಾಲಿನಲ್ಲಿ ನಿಂತು ಈ ಮಾತು ಕೇಳಿಸಿಕೊಂಡದ್ದಕ್ಕೆ ಅವಳ ಮೈಯೆಲ್ಲ ಉರಿದುಹೋಯಿತು.

"ನಾರ್ಮಲ್ ಅಲ್ಲ ಡಾಕ್ಟ್ರೇ. ತಲೆ ಹೊರಗೆ ಬಂತು, ಭುಜ ಒಳಗೇ ಸಿಕ್ಕಾಕೊಂಡ್ತು. ಒಬ್ರು ಸ್ಟೂಲ್ ಹತ್ತಿ ಹೊಟ್ಟೆ ಮೇಲಿಂದ ಅಮುಕಿದ್ರು, ಇನ್ನೊಬ್ರು ತಲೆ ಹಿಡಿದು ಎಳೆದ್ರು. ಅವತ್ತಿಂದ ಇವಳ ಕೈ ಏಳ್ತಾ ಇಲ್ಲ. ಸ್ಕ್ಯಾನ್ ಮಾಡಿದವ್ರು ಈ ಮಗೂನೂ ದೊಡ್ಡದು ಅಂದಿದಾರೆ. ಈ ಸಲ ಆಪರೇಷನ್ ಮಾಡ್ಬಿಡಿ."

"ಫೈಲಲ್ಲಿ ಅದೇನೂ ಇಲ್ವಲ್ಲಮ್ಮ. ಸಹಜ ಹೆರಿಗೆ, ತಾಯಿ ಮಗು ಕ್ಷೇಮ ಅಂತಿದೆ."

"ಮಗು ಇಲ್ಲೇ ಇದೆಯಲ್ಲ, ನೋಡಿ."

ಅವನು ನೋಡಿದ. ನೋಡಿದ್ದು ಪೇಪರ್‌ವೇಟನ್ನು, ಎಲ್ಲಿ ಕೆಳಗೆ ಬೀಳುತ್ತದೋ ಎಂದು. "ಅದು ಮಕ್ಕಳ ವಿಭಾಗದ ಕೇಸು. ನಿಮ್ಮ ಹತ್ರ ಏನಾದ್ರೂ ದಾಖಲೆ ಇದ್ರೆ ಮೂವತ್ತೇಳನೇ ವಾರದೊಳಗೆ ತನ್ನಿ, ದೊಡ್ಡ ಡಾಕ್ಟರಮ್ಮ ನೋಡ್ತಾರೆ. ಇಲ್ಲಾಂದ್ರೆ ನೋವು ಬಂದಾಗ ಬನ್ನಿ."

ಮೂವತ್ತೇಳಕ್ಕೆ ಉಳಿದಿದ್ದದ್ದು ಮೂರು ವಾರ.

ಆ ಆಸ್ಪತ್ರೆಯಲ್ಲಿ ದಾಖಲೆ ಕೇಳುವುದೆಂದರೆ ಏನೆಂದು ಕೇಳಿದವರಿಗೇ ಗೊತ್ತು. ದಾಖಲೆ ವಿಭಾಗದ ಕಿಟಕಿ ನೆಲಮಾಳಿಗೆಯಲ್ಲಿತ್ತು. ಕಿಟಕಿಯ ಸರಳುಗಳ ಹಿಂದೆ ಕೂತ ಗುಮಾಸ್ತ ಮೊದಲ ದಿನ ಅರ್ಜಿ ನಮೂನೆ ಮುಗಿದಿದೆ ಎಂದ. ಎರಡನೆಯ ದಿನ ನಮೂನೆ ಇತ್ತು, ಅದಕ್ಕೆ ಹಾಕುವ ಮೊಹರು ಮೂರನೇ ಮಹಡಿಯಲ್ಲಿತ್ತು. ಲಿಫ್ಟು ರೋಗಿಗಳಿಗೆ ಮಾತ್ರ, ಬೈಂಡರಮ್ಮ ಆ ಹೊತ್ತಿಗೆ ಅರ್ಜಿದಾರಳು. ಕೈಚೀಲವನ್ನು ಹೊಟ್ಟೆಗೆ ಆನಿಸಿಕೊಂಡು ಮೆಟ್ಟಿಲು ಹತ್ತಿದಳು. ಮೊಹರು ಹಾಕುವವನು ಊಟಕ್ಕೆ ಹೋಗಿದ್ದ. ಹೊಟ್ಟೆಯಲ್ಲಿದ್ದದ್ದು ಅವಳಿಗಿಂತ ಹೆಚ್ಚು ಸಿಟ್ಟಾಗಿ ಒದೆಯುತ್ತಿತ್ತು.

ನಾಲ್ಕನೆಯ ಸಲ ಹೋದಾಗ ಗುಮಾಸ್ತ ತಾಳ್ಮೆಯಿಂದ, ಪುಟ್ಟ ಮಕ್ಕಳಿಗೆ ಹೇಳುವಂತೆ ವಿವರಿಸಿದ. "ನೋಡಮ್ಮ, ನಿಮ್ಮ ನಂಬರ್ ಬೇರೆ, ಮಗೂದು ಬೇರೆ. ನಿಮ್ಮದು ಹೆರಿಗೆ ವಿಭಾಗದ ಕೋಣೇಲಿರತ್ತೆ. ಮಗೂದು ಆಚೆ ಕಟ್ಟಡದಲ್ಲಿ. ಒಂದಕ್ಕೊಂದು ಸಂಬಂಧ ಇಲ್ಲ."

"ಸಂಬಂಧ ಇಲ್ಲ ಅಂದ್ರೆ? ನಾನು ಹೆತ್ತಿರೋದು ಅದನ್ನ."

"ಅದು ಸರೀನಮ್ಮ. ಹುಟ್ಟಿದ ಮೇಲೆ ಅದು ಬೇರೆ ಪೇಷಂಟು."

ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿಯಲ್ಲೇ ಇವರು ಫೈಲನ್ನೂ ಕತ್ತರಿಸುತ್ತಾರೆ ಎಂದು ಅವಳಿಗೆ ಆಗ ಹೊಳೆಯಿತು. ತಾಯಿಯ ಫೈಲು ತೆರೆದವರಿಗೆ ತಾಯಿ ಕ್ಷೇಮ. ಮಗುವಿನ ಫೈಲು ತೆರೆದವರಿಗೆ ಕೈ ಸ್ವಾಧೀನವಿಲ್ಲದ ಮಗು ಆಕಾಶದಿಂದ ಉದುರಿಬಿದ್ದಿದೆ. ಎಲ್ಲರೂ ಅಚ್ಚುಕಟ್ಟಾಗಿ ಕೈ ತೊಳೆದುಕೊಳ್ಳಬಹುದು. ಅವಳು ಎರಡಕ್ಕೂ ಬೇರೆ ಬೇರೆ ಅರ್ಜಿ ಬರೆದುಕೊಟ್ಟಳು.

ಮನೆಗೆ ಬಂದರೆ ಅತ್ತೆಯ ಪ್ರವಚನ. ಅತ್ತೆ ಕೆಟ್ಟವಳಲ್ಲ. ಗುಂಡಮ್ಮನ ಬಲಗೈಗೆ ದಿನಕ್ಕೆ ಎರಡು ಹೊತ್ತು ಎಣ್ಣೆ ತಿಕ್ಕಿ ವ್ಯಾಯಾಮ ಮಾಡಿಸುವವಳು ಅವಳೇ. ಆದರೆ ಬಾಯಿಗೆ ಬೀಗವಿಲ್ಲ. ಗುಂಡಮ್ಮ ಹುಟ್ಟಿದ ದಿನ ಹೆರಿಗೆ ಕೋಣೆಯಿಂದ ಹೊರಬಂದ ನರ್ಸೊಬ್ಬಳು, "ನಿಮ್ಮ ಸೊಸೆ ಸರಿಯಾಗಿ ಮುಕ್ಕಲಿಲ್ಲ ಅಜ್ಜಿ, ಅದಕ್ಕೇ ಹೀಗಾಯ್ತು" ಎಂದಿದ್ದಳು. ಆ ಒಂದು ಮಾತನ್ನು ಅತ್ತೆ ನಾಲ್ಕು ವರ್ಷದಿಂದ ನೆಂಟರು, ನೆರೆಹೊರೆ, ತರಕಾರಿಯವಳು ಎನ್ನದೆ ಎಲ್ಲರಿಗೂ ಹಂಚಿದ್ದಳು. ದ್ವೇಷದಿಂದಲ್ಲ, ಮರುಕದಿಂದ. "ಪಾಪ, ಇವಳಿಗೆ ಮುಕ್ಕೋಕೆ ಶಕ್ತಿ ಸಾಲ್ಲಿಲ್ಲ" ಎಂದು. ಆ ಮರುಕವೇ ಬೈಂಡರಮ್ಮನನ್ನು ಹೆಚ್ಚು ತಿಂದದ್ದು. ಗುಂಡಮ್ಮ ಅಂಗಿಯ ತೋಳಿಗೆ ಕೈ ತೂರಿಸಲಾರದೆ ಅಳುವಾಗಲೆಲ್ಲ, ಇನ್ನೊಂದು ಸಲ, ಒಂದೇ ಒಂದು ಸಲ ಗಟ್ಟಿಯಾಗಿ ಮುಕ್ಕಿದ್ದರೆ ಎಂದು ಅವಳೇ ಲೆಕ್ಕ ಹಾಕುತ್ತಿದ್ದಳು.

ಎರಡೂ ಫೈಲುಗಳ ಜೆರಾಕ್ಸ್ ಪ್ರತಿ ಕೈಗೆ ಬಂದಾಗ ಉಳಿದಿದ್ದದ್ದು ಎರಡು ದಿನ. ಭಾನುವಾರ ಬೆಳಗ್ಗೆ ಅವಳು ನಡುಮನೆಯಲ್ಲಿ ಚಾಪೆ ಹಾಸಿ ಹಾಳೆಗಳನ್ನು ಹರಡಿಕೊಂಡು ಕೂತಳು. ಬಗ್ಗಲು ಆಗದ್ದರಿಂದ ಅತ್ತೆ ಎದುರು ಕೂತು ಒಂದೊಂದೇ ಹಾಳೆ ಎತ್ತಿಕೊಡುತ್ತಿದ್ದಳು.

ಹಾಳೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಆಸ್ಪತ್ರೆಯಲ್ಲಿ ಯಾವುದು ಯಾವಾಗ ಬಂತೋ ಹಾಗೇ ಪಿನ್ನು ಹೊಡೆದು ಒಟ್ಟಿದ್ದರು. ಹೊಲಿಯುವ ಮೊದಲು ಪುಟ ಜೋಡಿಸುವುದು ಬೈಂಡರಮ್ಮನಿಗೆ ಉಸಿರಾಡಿದಷ್ಟೇ ಸಹಜ. ಪುಟಸಂಖ್ಯೆ ಇಲ್ಲದ್ದರಿಂದ ತಾರೀಕು ನೋಡಿ ಜೋಡಿಸತೊಡಗಿದಳು. ಹಾಗೆ ಜೋಡಿಸುವಾಗ, ಮಗು ಹುಟ್ಟಿ ಮನೆಗೆ ಕಳಿಸಿದ ಚೀಟಿಯ ಹಿಂದೆ ಸೇರಿಕೊಂಡಿದ್ದ, ಅಂಗೈಯಗಲದ ಚೀಟಿಯೊಂದರ ಪ್ರತಿ ಜಾಗ ಬಿಟ್ಟು ಹಿಂದೆ ಸರಿಯಿತು. ಇನ್ನೂ ಹಿಂದೆ ಸರಿಯಿತು. ಹೆರಿಗೆಗಿಂತ ಹತ್ತು ವಾರ ಹಿಂದಕ್ಕೆ ಹೋಗಿ ನಿಂತಿತು.

ರಕ್ತದ ಸಕ್ಕರೆ ಪರೀಕ್ಷೆಯ ವರದಿ. ಅಂಕಿಯ ಸುತ್ತ ಪ್ರಯೋಗಾಲಯದವರು ಎರಡು ಸುತ್ತು ಹಾಕಿ, ಪಕ್ಕದಲ್ಲಿ 'ಹೆಚ್ಚಿದೆ, ಕೂಡಲೇ ವೈದ್ಯರಿಗೆ ತೋರಿಸಿ' ಎಂದು ಬರೆದಿದ್ದರು. ಅದರ ಕೆಳಗೆ ವೈದ್ಯರ ಸಹಿಗೆಂದು ಬಿಟ್ಟ ಗೆರೆ ಖಾಲಿಯಾಗಿತ್ತು.

ಈ ಬಸುರಿನಲ್ಲಿ ಅವಳು ಸಕ್ಕರೆಗೆ ಮಾತ್ರೆ ನುಂಗುತ್ತಿದ್ದಳು. ಸಕ್ಕರೆ ಏರಿದರೆ ಮಗು ವಿಪರೀತ ಬೆಳೆಯುತ್ತದೆ, ಭುಜ ಸಿಕ್ಕಿಕೊಳ್ಳಬಹುದು ಎಂದು ಔಷಧಿ ಕೊಡುವ ಹುಡುಗಿಯೇ ಹೇಳಿದ್ದಳು. ಔಷಧಿ ಕೊಡುವವಳಿಗೆ ಗೊತ್ತಿದ್ದದ್ದು ಅಂದು ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು. ವರದಿ ಬಂದಿತ್ತು. ಹತ್ತು ವಾರ ಯಾರೂ ತೆರೆದು ನೋಡಿರಲಿಲ್ಲ, ಅಷ್ಟೆ.

"ಏನೇ ಅದು?" ಎಂದಳು ಅತ್ತೆ.

ಬೈಂಡರಮ್ಮ ಹೇಳಿದಳು. ಅತ್ತೆ ಕನ್ನಡಕ ಹಾಕಿಕೊಂಡು ಆ ಸುತ್ತುಗಳ ಮೇಲೆ ಬೆರಳಾಡಿಸಿದಳು. ಗುಂಡಮ್ಮ ಅವಳ ತೊಡೆಯ ಮೇಲೆ ಕೂತು ಎಡಗೈಯಿಂದ ಹಾಳೆಯ ಮೂಲೆ ಮಡಚುತ್ತಿದ್ದಳು.

"ಮುಕ್ಕಲಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ," ಎಂದಳು ಅತ್ತೆ.

"ಹೇಳಿದ್ರಿ ಅತ್ತೆ."

"ನೀನಾದ್ರೂ ಒಂದ್ಸಲ ಬೈಬಾರ್ದಿತ್ತಾ?"

"ನಾನೂ ನಂಬಿದ್ದೆ."

ಅತ್ತೆ ಕಣ್ಣು ಒರೆಸಿಕೊಂಡು, ಹಾಳೆ ಹೊಲಿಯುವ ಸೂಜಿಗೆ ದಾರ ಪೋಣಿಸಿಕೊಡುತ್ತೇನೆಂದು ಹಟ ಹಿಡಿದಳು. ಅವಳ ದೃಷ್ಟಿಗೆ ಸೂಜಿಯೇ ಕಾಣುವುದಿಲ್ಲ, ಇನ್ನು ಅದರ ಕಣ್ಣೆಲ್ಲಿ. ಐದು ನಿಮಿಷ ದಾರವನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿದಳು. ಬೈಂಡರಮ್ಮ ಕಿತ್ತುಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾಲ್ಕು ವರ್ಷದ ಸಿಟ್ಟು ಒಂದು ಬೆಳಗ್ಗೆಗೆ ಇಳಿಯುವಂಥದ್ದಾಗಿರಲಿಲ್ಲ.

ಆಮೇಲೆ ಹೊಲಿದಳು. ತಾಯಿಯ ಹಾಳೆ, ಮಗುವಿನ ಹಾಳೆ ಎಂದು ಬೇರೆ ಮಾಡದೆ, ತಾರೀಕಿನಂತೆ ಒಂದರ ಹಿಂದೆ ಒಂದು. ಬೆನ್ನಿಗೆ ಬಟ್ಟೆ ಅಂಟಿಸಿ, ಮೇಲೆ ರಟ್ಟು ಕಟ್ಟಿ, ರಾತ್ರಿಯವರೆಗೆ ಅದರ ಮೇಲೆ ರುಬ್ಬುವ ಗುಂಡು ಹೇರಿಟ್ಟಳು.

ದೊಡ್ಡ ಡಾಕ್ಟರಮ್ಮ ದಣಿದ ಮುಖದ ಹೆಂಗಸು. ಮೇಜಿನ ಮೇಲೆ ತಣ್ಣಗಾದ ಚಹಾ. ಬಾಗಿಲಾಚೆ ಇನ್ನೂ ಐವತ್ತು ಹೊಟ್ಟೆಗಳು. ಪುಸ್ತಕವನ್ನು ತಿರುವಿ ನೋಡಿ, ಹೆರಿಗೆಯ ಪುಟ ಹಿಡಿದು, "ಇದೊಂದು ಸಾಕು ನಂಗೆ" ಎಂದು ಎಳೆದಳು. ಹಾಳೆ ಬರಲಿಲ್ಲ. ಇನ್ನೊಮ್ಮೆ ಎಳೆದಳು.

"ಬರಲ್ಲ ಮೇಡಮ್. ಪೂರ್ತಿ ಓದ್ಬೇಕು," ಎಂದಳು ಬೈಂಡರಮ್ಮ.

ಡಾಕ್ಟರಮ್ಮ ಮೊದಲ ಸಲ ಅವಳ ಮುಖ ನೋಡಿದಳು. ಆಮೇಲೆ ಓದಿದಳು. ಸಕ್ಕರೆಯ ವರದಿ, ನಾಲ್ಕೂವರೆ ಕಿಲೋ, ಸಹಜ ಹೆರಿಗೆ, ಮೂರನೆಯ ದಿನ ಮಕ್ಕಳ ವಿಭಾಗದಲ್ಲಿ 'ಬಲಭುಜದ ನರಕ್ಕೆ ಎಳೆತದ ಪೆಟ್ಟು'. ಗುಂಡಮ್ಮನನ್ನು ಹತ್ತಿರ ಕರೆದು ಎರಡೂ ಕೈ ಎತ್ತು ಎಂದಳು. ಗುಂಡಮ್ಮ ಹೇಳಿದ ಮಾತು ಕೇಳುವ ಹುಡುಗಿ. ಎಡಗೈಯನ್ನು ನೆಟ್ಟಗೆ ಎತ್ತಿ, ಅದನ್ನು ಕೆಳಗಿಳಿಸಿ, ಅದರಿಂದ ಬಲಗೈಯ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ ತೋರಿಸಿದಳು.

"ಆಪರೇಷನ್ ಮಾಡೋಣ. ಬರೋ ಸೋಮವಾರ," ಎಂದಳು ಡಾಕ್ಟರಮ್ಮ.

ಬೈಂಡರಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. ಹೊಟ್ಟೆಯೊಳಗಿನದು ಉಳಿಯಿತು. ಅದರ ಎರಡೂ ಕೈ ಉಳಿದವು. ಡಾಕ್ಟರಮ್ಮ ಮೂರು ಪ್ರತಿಯ ಒಪ್ಪಿಗೆ ಪತ್ರದ ನಡುವೆ ಕಾರ್ಬನ್ ಇಟ್ಟು, ತುಂಬಿ, ಸಹಿಗೆಂದು ಮುಂದೆ ತಳ್ಳಿದಳು. ಪುಸ್ತಕ ಕಟ್ಟುವವರಿಗೆ ಒಂದು ಚಾಳಿಯಿದೆ, ಕೈಗೆ ಬಂದ ಹಾಳೆಯನ್ನು ತಲೆಯಿಂದ ಬುಡದವರೆಗೆ ನೋಡದೆ ಬಿಡುವುದಿಲ್ಲ. ಆಪರೇಷನ್ನಿಗೆ ಕಾರಣ ಎಂಬಲ್ಲಿ 'ತಾಯಿಯ ಕೋರಿಕೆ' ಎಂದಿತ್ತು.

"ಕೋರಿಕೆ ಅಲ್ವಲ್ಲ ಮೇಡಮ್ ಇದು."

"ನಿಮಗೆ ಬೇಕಾಗಿದ್ದು ಆಪರೇಷನ್. ಸಿಕ್ತು. ಕಾರಣ ಏನಿದ್ರೇನು?"

"ಹೋದ ಸಲ ಒಂದು ಗೆರೇಲಿ ನಾರ್ಮಲ್ ಅಂತ ಬರೆದ್ರು. ಆ ಗೆರೆ ಅಳಿಸೋಕೆ ಮೂರು ವಾರ ಮೆಟ್ಟಿಲು ಹತ್ತಿದೀನಿ. ನಡೆದದ್ದನ್ನ ಬರೀರಿ."

"ಅವತ್ತು ನಾನಲ್ಲಿರಲಿಲ್ಲ. ಕಣ್ಣಾರೆ ನೋಡದೇ ಇರೋದನ್ನ ಹೇಗೆ ಬರೀಲಿ?" ಡಾಕ್ಟರಮ್ಮ ದನಿ ತಗ್ಗಿಸಿದಳು. "ಬರೆದ್ರೆ ವಿಚಾರಣೆ ಅಂತ ಶುರುವಾಗತ್ತೆ. ಎಷ್ಟು ಜನಕ್ಕೆ ತೊಂದ್ರೆ ಯೋಚಿಸಿ. ಸಹಿ ಮಾಡಮ್ಮ, ಹೊರಗೆ ಎಷ್ಟು ಜನ ಕಾಯ್ತಿದಾರೆ ನೋಡು."

ಒಳ್ಳೆಯ ಮಾತಿನಲ್ಲಿ ಹೇಳಿದಳು. ಅದೇ ತಡೆಯಲಾರದ ಸಂಗತಿ. ನಾಲ್ಕು ವರ್ಷದಿಂದ ಎಲ್ಲರೂ ಒಳ್ಳೆಯ ಮಾತಿನಲ್ಲೇ ಹೇಳುತ್ತ ಬಂದಿದ್ದರು.

ಬೈಂಡರಮ್ಮ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಮಾಡಿ, ಪೆನ್ನು ಎತ್ತದೆ ಅದರ ಕೆಳಗೆ ಬರೆಯತೊಡಗಿದಳು.

"ಅಲ್ಲಿ ಸಹಿ ಮಾತ್ರ," ಎಂದಳು ಡಾಕ್ಟರಮ್ಮ.

"ಬರೀಲಿ ಬಿಡಿ ತಾಯಿ," ಎಂದಳು ಅಷ್ಟೂ ಹೊತ್ತು ಬಾಗಿಲ ಬಳಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಅತ್ತೆ. "ಅವತ್ತು ನೀವೂ ಒಳಗಿರಲಿಲ್ಲ, ನಾನೂ ಇರಲಿಲ್ಲ. ಇದ್ದೋಳು ಅವಳು."

ಮೊದಲ ಬಸುರಿನಲ್ಲಿ ನನ್ನ ಸಕ್ಕರೆ ಹೆಚ್ಚಿತ್ತು, ವರದಿಯನ್ನು ಯಾರೂ ನೋಡಲಿಲ್ಲ. ಮಗುವಿನ ಭುಜ ಸಿಕ್ಕಿಕೊಂಡಿತು, ತಲೆ ಹಿಡಿದು ಎಳೆದರು, ಬಲಗೈ ಹೋಯಿತು. ಈ ಆಪರೇಷನ್ ಅದಕ್ಕೆ. ನಾನು ಮುಕ್ಕಿದ್ದೆ.

ಬರೆದಾದ ಮೇಲೆ ಕಾರ್ಬನ್ ಸರಿಸಿ ನೋಡಿದಳು. ಎರಡನೆಯ ಪ್ರತಿಯಲ್ಲಿ ಚೆನ್ನಾಗಿ ಮೂಡಿತ್ತು. ಮೂರನೆಯದರಲ್ಲಿ ಕೊನೆಯ ಸಾಲು ಮಸುಕಾಗಿತ್ತು. ಕಡತಕ್ಕೆ ಹೋಗುವುದು ಯಾವ ಪ್ರತಿ ಎಂದು ಕೇಳಿದಳು. ಮೂರನೆಯದು ಎಂದಳು ಡಾಕ್ಟರಮ್ಮ. ಬೈಂಡರಮ್ಮ ನಡುವೆ ಕಾರ್ಬನ್ ಇಟ್ಟು ಹಾಳೆಗಳನ್ನು ಮತ್ತೆ ಅಂಚಿಗೆ ಅಂಚು ಕೂಡಿಸಿ, ಜರುಗದಂತೆ ಹಿಡಿದುಕೋ ಎಂದು ಗುಂಡಮ್ಮನ ಎಡಗೈಯನ್ನು ಮೇಲಿಟ್ಟು, ಕೊನೆಯ ಸಾಲನ್ನು ಅದರ ಮೇಲೇ ಇನ್ನೊಮ್ಮೆ ಒತ್ತಿ ಬರೆದಳು.