ಸಾಕ್ಷಿಯ ನೋವಿಗೆ ಹೆಸರು ಸಿಕ್ಕಿತು!

ಯಂಕಂಚಿಯ ಸಾಕ್ಷಿಗೆ ಮದುವೆಯಾಗಿ ವರ್ಷ ದಾಟಿತ್ತು. ಗಂಡ ಮುತ್ತುರಾಜನ ಮೇಲೆ ಅವಳಿಗೆ ಜೀವ. ಆದರೂ ಇಬ್ಬರೂ ಕೂಡಲು ಹೋದರೆ ಮೈ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು. ತಡೆಯಲಾರದ ನೋವು. ಯಾರಿಗೆ ಹೇಳುವುದು?

"ಇನ್ನೂ ಏನೂ ಸುದ್ದಿ ಇಲ್ಲೇನ?" ಎಂದು ಓಣಿಯವರು ಕೇಳಿ ಕೇಳಿ ಅತ್ತೆ ಸಾವಿತ್ರವ್ವನ ತಾಳ್ಮೆ ತೀರಿತು. ಮಗ-ಸೊಸೆ ಬೇರೆ ಬೇರೆ ಮಲಗುವುದೂ ಅವಳ ಕಣ್ಣಿಗೆ ಬಿದ್ದಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಅಂದೇಬಿಟ್ಟಳು:

"ಗಂಡನ್ನ ಹತ್ರ ಸೇರಿಸಂಗಿಲ್ಲಂದ್ರ ಇದು ಸೊಕ್ಕು. ತವರಿಗೆ ಕಳಿಸಿಬಿಡೂಣು."

ಮುತ್ತುರಾಜ ಊಟದಿಂದ ಎದ್ದ. "ಯವ್ವಾ, ಅಕಿಗೆ ನೋವೈತಿ. ನೋವಿದ್ರ ದವಾಖಾನಿಗೆ ಹೋಗಬೇಕು, ತವರಿಗಲ್ಲ. ನೀನೂ ಬಾ."

ಸಿಂದಗಿಯ ಹೆಣ್ಣುಮಕ್ಕಳ ಡಾಕ್ಟರ್ ವೃಂದಾ ಅವರು ಮೊದಲು ಸಾಕ್ಷಿಯೊಬ್ಬಳನ್ನೇ ಕೂರಿಸಿಕೊಂಡರು. "ನೀ ಹೂಂ ಅನ್ನೂತನಕ ನಾ ಮುಟ್ಟಂಗಿಲ್ಲವ್ವಾ" ಎಂದರು. ಆಗ ಸಾಕ್ಷಿ ಬಾಯಿ ಬಿಚ್ಚಿ ಎಲ್ಲ ಹೇಳಿದಳು. ಒಪ್ಪಿಗೆ ಕೇಳಿಯೇ ಮೆಲ್ಲಗೆ ಪರೀಕ್ಷಿಸಿದ ಡಾಕ್ಟರ್ ನಕ್ಕರು.

"ಸೋಂಕು-ಗೀಂಕು ಏನೂ ಇಲ್ಲ. ಇದಕ್ಕ ವೆಜೈನಿಸ್ಮಸ್ ಅಂತಾರ. ಕಣ್ಣ ಹತ್ರ ಬೆರಳು ಬಂದ್ರ ರೆಪ್ಪಿ ತಾನಾಗೇ ಮುಚ್ಚತೈತಲ್ಲ? ಹಂಗ ಯೋನಿ ಸುತ್ತಲಿನ ಸ್ನಾಯು ತಾವಾಗೇ ಬಿಗಿತಾವ. ನಿನ್ನ ತಪ್ಪಲ್ಲ. ಇದಕ್ಕ ಚಿಕಿತ್ಸಾ ಐತಿ!"

"ಖರೇನ್ರಿ? ನನ್ನಂಗ ಮತ್ತ ಯಾರರ ಅದಾರೇನ್ರಿ?"

"ಭಾಳ ಮಂದಿ ಅದಾರ. ಬಾಯಿ ಬಿಟ್ಟು ಹೇಳಂಗಿಲ್ಲ, ಅಷ್ಟ."

ಸಾಕ್ಷಿಗೆ ಅಲ್ಲೇ ಕುಣಿಯಬೇಕೆನಿಸಿತು. ಗಂಡನನ್ನೂ ಅತ್ತೆಯನ್ನೂ ತಾನೇ ಒಳಗೆ ಕರೆದಳು.

ಸಾವಿತ್ರವ್ವ ಎಲ್ಲ ಕೇಳಿ ಮೂಗು ಮುರಿದಳು. "ಹೆಂಗಸಿಗೆ ನೋವು ಇದ್ದದ್ದರಿ. ಹಲ್ಲು ಕಚ್ಚಿ ತಡಕೋಬೇಕು."

"ತಡಕೊಂಡಷ್ಟೂ ಮೈ ಇನ್ನೂ ಹೆದರತೈತ್ರಿ. ಒತ್ತಾಯ ಒಟ್ಟ ಮಾಡಬಾರದು" ಎಂದರು ಡಾಕ್ಟರ್.

ಸಾವಿತ್ರವ್ವ ಸೊಸೆಯ ಕೈ ಹಿಡಿದಳು. "ನಾನೂ ಹಿಂಗ ತಡಕೊಂಡಾಕಿ, ನನ್ನವ್ವಾ. ನನಗ ಯಾರೂ ಕೇಳಲಿಲ್ಲ."

ಚಿಕಿತ್ಸೆ ಶುರುವಾಯಿತು. ಉಸಿರಾಟ, ಸ್ನಾಯು ಸಡಿಲಿಸುವ ವ್ಯಾಯಾಮ. ನಂತರ ಡಾಕ್ಟರ್ ತೋರಿಸಿದಂತೆ ಯೋನಿಯೊಳಗೆ ಮೆಲ್ಲಗೆ ಇಡುವ ಡೈಲೇಟರ್ ಎಂಬ ನುಣುಪಾದ ಸಾಧನ, ಸಣ್ಣದರಿಂದ ಮೊದಲುಮಾಡಿ, ಅವಳದೇ ಕೈಯಲ್ಲಿ, ಅವಳದೇ ವೇಗದಲ್ಲಿ. ನಡುವೆ ಒಮ್ಮೆ ಎಲ್ಲ ಹಿಂದಕ್ಕೆ ಹೋದಂತಾಗಿ ಅತ್ತಳು. "ಅವಸರ ಯಾಕ? ನಾ ಎಲ್ಲಿ ಓಡಿಹೊಂಟೇನಿ?" ಎಂದ ಮುತ್ತುರಾಜ. ಅವಳು ಬೇಡವೆಂದರೆ ಅಲ್ಲಿಗೇ ನಿಲ್ಲಿಸುವುದನ್ನು ಅವನೂ ಕಲಿತಿದ್ದ.

ಕೆಲವು ತಿಂಗಳ ಮೇಲೆ ಸಾಕ್ಷಿ ಡಾಕ್ಟರಿಗೆ ಫೋನ್ ಮಾಡಿದಳು. ನಗು ತಡೆಯಲಾಗುತ್ತಿರಲಿಲ್ಲ. "ಮೇಡಂ, ನೋವಾಗಲಿಲ್ರಿ! ಒಟ್ಟ ನೋವಾಗಲಿಲ್ಲ!"

ಅಕ್ಕ-ತಂಗಿಯರೇ, ಕೂಡುವಾಗ ನೋವಾದರೆ ನಾಚಿ ಮುಚ್ಚಿಡಬೇಡಿ. ಡಾಕ್ಟರ ಹತ್ತಿರ ಹೇಳಿ. ಗಂಡಂದಿರೇ, ಒತ್ತಾಯ ಬೇಡ, ಜೊತೆಗೆ ಹೋಗಿ. ಅತ್ತೆಯರೇ, ಸೊಸೆಯನ್ನು ಬೈಯುವ ಮೊದಲು ಒಂದು ಮಾತು ಕೇಳಿ ನೋಡಿ: "ಏನಾಗಾಕತ್ತೈತಿ, ಮಗಳ?"