ಹತ್ತೊಂಬತ್ತನೆಯ ನಡೆ

ನಮ್ಮ ಚದುರಂಗದ ಕೂಟ ಸೇರುವುದು ಭಾನುವಾರ ಬೆಳಿಗ್ಗೆ, ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಲಗೆ. ಕಳೆದುಹೋದ ಕಾಲಾಳಿನ ಬದಲು ಕೋಟಿನ ಗುಂಡಿ. ನನ್ನನ್ನು ಅಲ್ಲಿಗೆ ಎಳೆದು ತಂದವನು ಮಾವ, ಅಮ್ಮನ ತಮ್ಮ, ಗಡಿಯಾರ ರಿಪೇರಿ ಮಾಡುವವನು. ಡಿಗ್ರಿ ಮುಗಿಸಿ ಕೋಣೆ ಬಿಟ್ಟು ಹೊರಬರದೆ ಕೂತಿದ್ದ ನನಗಾಗಿಯೇ ಅವನು ಈ ಆಟ ಕಲಿತದ್ದು.

ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. “ಮಾತು ಬೇಡ, ಬರೀಬಹುದಲ್ಲ ಮಹರಾಯ್ತಿ?” ಎಂದು ದರ್ಜಿ ಒಂದು ರಿಜಿಸ್ಟರ್ ಕೊಟ್ಟರು. ಪ್ರತಿ ಆಟದ ನಡೆಗಳನ್ನು ದಾಖಲಿಸಿ ಪಕ್ಕದಲ್ಲಿ ತಪ್ಪು ತೋರಿಸುವುದು ನನ್ನ ಕೆಲಸ. ಡೈರಿ ಬರೆದು ಪಳಗಿದ ಕೈ. ಬಾಯಲ್ಲಿಲ್ಲದ ಖಾರವೆಲ್ಲ ಕೆಂಪು ಪೆನ್ನಿಗೆ ಇಳಿಯುತ್ತಿತ್ತು. ಮಾವ ಸುಮ್ಮಸುಮ್ಮನೆ ಆನೆಯನ್ನು ಕಳೆದುಕೊಂಡ ದಿನ ಬರೆದೆ: “೧೯ನೆಯ ನಡೆ: ಕಣ್ಣಿದ್ದೂ ಕುರುಡು.”

ದರ್ಜಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ಮಾವನೂ ನಕ್ಕ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ.

ಅವನ ಅಂಗಡಿಗೆ ಹೋದೆ.

“ಕೆಲಸ ಜಾಸ್ತಿ ಕಣೇ,” ಎಂದ. ಮೇಜಿನ ಮೇಲಿದ್ದದ್ದು ಒಂದೇ ಕೈಗಡಿಯಾರ. ಅದರ ಹಿಂಬದಿಯ ಮುಚ್ಚಳದೊಳಗೆ ಸೂಜಿಯಲ್ಲಿ ಕೆತ್ತಿದಂಥ ಗೀರುಗಳು.

“ಇವೇನು?”

“ಹಿಂದೆ ಬಿಚ್ಚಿದವರ ಗುರುತು. ಯಾವಾಗ ಬಿಚ್ಚಿದ್ರು, ಏನು ಹಾಕಿದ್ರು, ಅಷ್ಟೇ.”

“ಕೆಡಿಸಿದವನನ್ನ ಬೈಯಲ್ವಾ?”

“ಬೈದ್ರೆ ಗಡಿಯಾರ ನಡೆಯುತ್ತೇನೇ?”

ಹಾಗೆನ್ನುತ್ತ ಬಲಗಣ್ಣಿಗೆ ಮಸೂರ ಸಿಕ್ಕಿಸಿ ಎಡಗಣ್ಣು ಮುಚ್ಚಿದ. ಹಲಗೆಯ ಮುಂದೆಯೂ ಅವನು ಕೂರುವುದು ಹೀಗೆಯೇ! ಒಂದು ಮೂಲೆಯನ್ನು ದಿಟ್ಟಿಸುತ್ತ, ಎಡಗಣ್ಣು ಮುಚ್ಚಿ. ಆನೆ ಸತ್ತದ್ದು ಎಡಮೂಲೆಯಲ್ಲಿ. ವಾರವಾರವೂ ಕಂಡಿದ್ದರೂ ನಾನು ಒಮ್ಮೆಯೂ ಹೇಳಿರಲಿಲ್ಲ.

ಮನೆಗೆ ಬಂದು ಕೆಂಪು ಸಾಲಿನ ಮೇಲೆ ಚೀಟಿ ಅಂಟಿಸಿದೆ. ನೀಲಿಯಲ್ಲಿ ಬರೆದೆ: “ಮಾವ ಎಡಗಣ್ಣು ಮುಚ್ಚಿ ಆಡುತ್ತಾನೆ. ಪಕ್ಕದಲ್ಲೇ ಕೂತ ನಾನು ಹೇಳಲಿಲ್ಲ, ತಪ್ಪು ನನ್ನದೂ ಹೌದು. ಅದಕ್ಕೆ ಮೊದಲು ಅವನು ಆಡಿದ ಕುದುರೆಯ ನಡೆ ಸೊಗಸು, ನನಗಾಗಿದ್ದರೆ ಹೊಳೆಯುತ್ತಲೇ ಇರಲಿಲ್ಲ.” ಮತ್ತೆ ಅಂಗಡಿಗೆ ಹೋಗಿ ರಿಜಿಸ್ಟರನ್ನು ಅವನ ಮೇಜಿನ ಮೇಲಿಟ್ಟು, ಅವನು ತಲೆ ಎತ್ತುವಷ್ಟರಲ್ಲಿ ಓಡಿ ಬಂದೆ.

ಭಾನುವಾರ ಮಾವ ಬಂದ, ರಿಜಿಸ್ಟರ್ ಕಂಕುಳಲ್ಲಿ.

“ಏನಯ್ಯಾ, ಗಡಿಯಾರದವನೇ ಲೇಟಾದ್ರೆ ಹೆಂಗೆ?” ಎಂದು ದರ್ಜಿ ಕಾಯಿ ಜೋಡಿಸಿದರು.

ಆಟ ಬಿಗಿಯಾಯಿತು. ಮಾವ ಬಗ್ಗಿದ. ಎಡಗಣ್ಣು ಮೆಲ್ಲಗೆ ಮುಚ್ಚತೊಡಗಿತು. ಅದೇ ಮೂಲೆ, ಅದೇ ಆನೆ.

“ಮಾವಾ, ಕಣ್ಣು!”

ಕೋಣೆಯೆಲ್ಲ ನನ್ನತ್ತ ತಿರುಗಿತು. ನನ್ನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು.

“ಇವಳಿಗೆ ಬಾಯೇ ಇಲ್ಲ ಅಂದ್ಕೊಂಡಿದ್ವಲ್ಲೋ!” ದರ್ಜಿ ಮಾವನತ್ತ ಕೂಗಿದರು. “ಆಟದ ಮಧ್ಯೆ ಹೇಳಿಕೊಡೋ ಹಾಗಿಲ್ಲ, ಸೋತೆ ನೀನು!”

“ಸೋತೆ, ಸೋತೆ,” ಎಂದು ಮಾವ ತನ್ನ ರಾಜನನ್ನು ತಾನೇ ಮಲಗಿಸಿದ. ಆಮೇಲೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಎರಡೂ ಕಣ್ಣು ಅಗಲಿಸಿ, ರಿಜಿಸ್ಟರಿನ ಅಂಚಿನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದು ನನ್ನ ಕಡೆ ತಿರುಗಿಸಿದ:

“ಹುಡುಗಿ ಮಧ್ಯೆ ಬಾಯಿ ಹಾಕಿದ್ದು ತಪ್ಪು. ದನಿ ಚೆನ್ನಾಗಿದೆ. ಮುಂದಿನ ವಾರ ಆಟ ಮುಗಿದ ಮೇಲೆ ಇನ್ನೂ ಜೋರಾಗಿ ಹೇಳಲಿ.”