ಮಲ್ಲವ್ವನ ಖರ್ಚು

“ಹೆಬ್ಬೆಟ್ಟು ಒತ್ತೋ, ಬೋಳಿಮಗನೆ,” ಎಂದು ಗುರುಸಿದ್ದನಿಗೆ ಹೇಳಿದರು ಡಾಕ್ಟರ್ ದ್ವಾರಕಾನಾಥ, ಎದುರಿಗಿದ್ದ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲಾಡಳಿತದ, ಆಫೀಸರಮ್ಮನತ್ತ ನಗುತ್ತಲೇ. ೧೯೭೪ರ ಚಳಿಗಾಲ. ಡೆಟ್ರಾಯಿಟ್ ಆಚೆಯ ಆ ಹುಚ್ಚಾಸ್ಪತ್ರೆಯಲ್ಲಿ ಕನ್ನಡ ತಿಳಿಯುವವರು ಬೇರಾರಿದ್ದರು? ಎಷ್ಟು ಬೇಕಾದರೂ ಬೈಯಬಹುದಿತ್ತು.

ಗುರುಸಿದ್ದ ಡಾಕ್ಟರ ಮನೆಯ ಅಡುಗೆಯವ. ಅವನ ಹೆಂಡತಿ ಮಲ್ಲವ್ವ ಅದೇ ಮನೆಯಲ್ಲಿ ಕೂಸು ಆಡಿಸುತ್ತಿದ್ದವಳು, ಎರಡು ತಿಂಗಳಿಂದ ಇಲ್ಲಿಯ ರೋಗಿ. ಬಾಗಿಲ ಬಳಿಯ ಬೆಂಚಿನಲ್ಲಿ ಕೂಸಿಲ್ಲದ ತೊಡೆಯನ್ನು ಮೆಲ್ಲಗೆ ತಟ್ಟುತ್ತಾ ಕುಳಿತಿದ್ದಳು.

ಬೆಳಿಗ್ಗೆಯಿಂದ ಒಂದೇ ಜಗಳ: ಅವಳ ಖರ್ಚು ಯಾರದು? ಊರಿಂದ ಕರೆಸಿಕೊಂಡ ಡಾಕ್ಟರೇ ಕೊಡಲಿ ಎಂದಳು ಆಫೀಸರಮ್ಮ. ಸರ್ಕಾರ ಕೊಡಲಿ ಎಂದರು ಡಾಕ್ಟರು. ವಿಮಾನ ಹತ್ತಿಸಿ, ಟಿಕೆಟ್ಟಿಗೆ ಮಾತ್ರ ನಮ್ಮನ್ನು ಕೇಳಬೇಡಿ ಎಂದು ಫೋನಿನಲ್ಲೇ ಕೈ ತೊಳೆದುಕೊಂಡರು ನಮ್ಮ ದೇಶದ ರಾಯಭಾರ ಕಚೇರಿಯ ಶೇಷಾದ್ರಿ. ದನದ ಸಂತೆಯಲ್ಲೂ ಚೌಕಾಸಿ ಇದಕ್ಕಿಂತ ಮರ್ಯಾದೆಯಿಂದ ನಡೆಯುತ್ತದೆ.

ಕೊನೆಗೆ ಡಾಕ್ಟರು ದಾರಿ ಕಂಡುಕೊಂಡರು. ಊರಲ್ಲೇ ಅವಳಿಗೆ ತಲೆ ಕೆಟ್ಟಿತ್ತು, ಮುಚ್ಚಿಟ್ಟು ಬಂದೆವು ಎಂದು ಗುರುಸಿದ್ದನ ಹೆಸರಿನಲ್ಲಿ ಒಂದು ಕಾಗದ ಬರೆದರು. ಅವನು ಒತ್ತಿದರೆ ಖರ್ಚಿನಿಂದ ಅವರು ಪಾರು. ಮಲ್ಲವ್ವ ಮದ್ದಿಲ್ಲದೆ, ಒಬ್ಬಳೇ, ಊರಿಗೆ ವಾಪಸು.

ಗುರುಸಿದ್ದ ಹೆಬ್ಬೆಟ್ಟು ಒತ್ತಲಿಲ್ಲ. ಓದು ಬಾರದ ಗಂಡಹೆಂಡಿರಿಗೆ ಊರಿನ ಕಾಗದಗಳನ್ನು ಓದಿ ಹೇಳುತ್ತಿದ್ದವರು ಡಾಕ್ಟರೇ. ಅಜ್ಜಿಯ ಹತ್ತಿರ ಬಿಟ್ಟುಬಂದ ಮಗಳು ತೀರಿಕೊಂಡಳೆಂಬ ಕಾಗದವನ್ನೂ, ಮಗು ಆರಾಮಾಗಿದೆಯಂತೆ ಎಂದು ಓದಿ ಮಡಿಸಿಟ್ಟಿದ್ದರು. ಆ ವಾರ ಮನೆಗೆ ಅರವತ್ತು ಜನ ಊಟಕ್ಕೆ ಬರುವವರಿದ್ದರು. ನಿಜ ಹೊರಬಿದ್ದದ್ದು ತಿಂಗಳ ಮೇಲೆ, ಡಾಕ್ಟರ ಹೆಂಡತಿ ಇಂದುಮತಿಯವರ ಬಾಯಿಂದ. ಅಂದಿನಿಂದ ಮಲ್ಲವ್ವ ಮಾತು ಬಿಟ್ಟಳು.

ಕಾಯಿಲೆ ಯಾವಾಗಿನಿಂದ ಎಂದು ಆಫೀಸರಮ್ಮ ಕೇಳಿದಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಗುರುಸಿದ್ದ ಎದ್ದುನಿಂತ. ಡಾಕ್ಟರ ಮಕ್ಕಳಿಂದ ಕಲಿತ ಹರಕು ಇಂಗ್ಲಿಷು ಅವನದು.

“ಬೇಬಿ ಡೈ. ಲೆಟರ್ ಕಮ್. ಹೀ ರೀಡ್, ಬೇಬಿ ಫೈನ್.”

ಆಕೆ ಬರೆಯುವುದನ್ನು ನಿಲ್ಲಿಸಿ ಡಾಕ್ಟರನ್ನು ನೋಡಿದಳು. ಆಮೇಲೆ, ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ ಎಂದಳು.

ಡಾಕ್ಟರು ಕೋಟು ಏರಿಸಿಕೊಂಡರು. “ಉಂಡ ಮನೆಗೇ ಎರಡು ಬಗೀತೀಯೇನೋ? ನಡಿ ಮನೆಗೆ. ಸಂಜೆ ಆನ್ ಆರ್ಬರ್‌ನಿಂದ ಗೆಸ್ಟ್ಸ್ ಬರ್ತಿದಾರೆ, ಅಡಿಗೆ ಯಾರು ನಿಮ್ಮಪ್ಪ ಮಾಡ್ತಾನಾ?”

“ನೀವ ಮಾಡ್ಕೋರಿ,” ಎಂದ ಗುರುಸಿದ್ದ. “ನಾ ಬರಾಂಗಿಲ್ಲ.”

ಆಫೀಸರಮ್ಮನತ್ತ ತಿರುಗಿ “ಐ ನೋ ಗೋ” ಎಂದು, ಹೋಗಿ ಹೆಂಡತಿಯ ಪಕ್ಕದಲ್ಲಿ ಕುಳಿತ.

ಆಫೀಸರಮ್ಮ ಇನ್ನೊಂದು ಫಾರಮ್ಮು ಎಳೆದುಕೊಂಡು, ಹಾಗಾದರೆ ಇವನ ಖರ್ಚು ಯಾರದು ಎಂದು ಕೇಳಿದಳು.